ಕೇಳುವ ಹಕ್ಕು

ತತ್ವಶಾಸ್ತ್ರ ಓದಲು ಕೂತ ನಮ್ಮ ಹುಡುಗರ ಬಾಯಲ್ಲಿ ಬರುವ ಮಾತು ಒಂದೇ: "ಓದ್ದಷ್ಟೂ ಗೋಜಲಾಯ್ತದೆ ಕಣಣ್ಣ. ಓದೋಕ್ ಮುಂಚೆ ಏನೋ ಒಂದಿಷ್ಟು ಗೊತ್ತಿತ್ತು, ಈಗ ಅದೂ ಇಲ್ಲ." ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಕೇರಿಗಳಿಂದ, ಹಾಡಿಗಳಿಂದ ಮೈಸೂರಿನ ಹಾಸ್ಟೆಲು ಸೇರಿದ ಹುಡುಗ ಹುಡುಗಿಯರು ಇವರು. ಶಂಕರನನ್ನು ಓದಿದರೆ ಜಗತ್ತು ಬರೀ ತೋರಿಕೆ. ಮಧ್ವನನ್ನು ಓದಿದರೆ ಜಗತ್ತು ಸತ್ಯ. ಬೌದ್ಧರು ಆತ್ಮವೇ ಇಲ್ಲ ಅನ್ನುತ್ತಾರೆ. ಜೈನರು ಇರುವೆಗೂ ಒಂದು ಆತ್ಮ ಉಂಟು ಅನ್ನುತ್ತಾರೆ. ಚಾರ್ವಾಕರು ಇವರೆಲ್ಲರನ್ನೂ ನೋಡಿ ನಗುತ್ತಾರೆ. ಒಬ್ಬೊಬ್ಬರ ವಾದವನ್ನು ಓದುವಾಗಲೂ ಇದೇ ಸರಿ ಅನ್ನಿಸುತ್ತದೆ. ಪುಸ್ತಕ ಮುಚ್ಚಿದರೆ ಕಾಲ ಕೆಳಗಿನ ನೆಲವೇ ಸರಿದ ಹಾಗೆ.

ಈ ಮಾತಿಗೆ ನಮ್ಮಲ್ಲಿ ಎರಡು ಉತ್ತರಗಳು ತಯಾರಿವೆ. ಒಂದು ಜಗಲಿಯ ಮೇಲಿನಿಂದ ಬರುತ್ತದೆ: "ಅದೆಲ್ಲ ನಿಮ್ಮ ತಲೆಗೆ ಹತ್ತೋದಲ್ಲ ಬಿಡಿ. ಅದಕ್ಕೆ ಸಂಸ್ಕಾರ ಬೇಕು." ಇನ್ನೊಂದು ನಮ್ಮ ಕೇರಿಯಿಂದಲೇ ಬರುತ್ತದೆ: "ಹೊಟ್ಟೆಗೆ ಹಿಟ್ಟಿಲ್ಲದೋರಿಗೆ ಯಾತರ ತತ್ವ? ಅರ್ಜಿ ಬರೆಯೋದು ಕಲಿ, ಕೆಲಸ ಹುಡುಕು." ಮೊದಲನೆಯದರಲ್ಲಿ ತಿರಸ್ಕಾರ ಇದೆ, ಎರಡನೆಯದರಲ್ಲಿ ಪ್ರೀತಿ ಇದೆ. ಆದರೆ ಎರಡೂ ಮಾಡುವ ಕೆಲಸ ಒಂದೇ. ಎರಡೂ ಹುಡುಗನ ಕೈಯಿಂದ ಪುಸ್ತಕ ಕಿತ್ತುಕೊಳ್ಳುತ್ತವೆ. ಹಾಗಾಗಿ ಈ ಗೋಜಲು ಎಲ್ಲಿಂದ ಬಂತು, ಇದರ ಚರಿತ್ರೆ ಏನು ಅಂತ ನಾವೇ ನೋಡಬೇಕಾಗಿದೆ.

ಕನ್ನಡದಲ್ಲಿ ಒಂದು ಪದ ಇದೆ: ಕೇಳು. ಕಿವಿಗೊಟ್ಟು ಆಲಿಸುವುದಕ್ಕೂ ಕೇಳು ಅನ್ನುತ್ತೇವೆ, ಬಾಯಿಬಿಟ್ಟು ಪ್ರಶ್ನೆ ಹಾಕುವುದಕ್ಕೂ ಕೇಳು ಅನ್ನುತ್ತೇವೆ. ಒಡೆಯ ಆಳಿಗೆ "ಹೇಳಿದ್ದು ಕೇಳು" ಅಂದರೆ ಮೊದಲನೆಯ ಅರ್ಥ. ಆಳು ಒಡೆಯನಿಗೆ "ಕೂಲಿ ಯಾಕ್ ಕಮ್ಮಿ ಕೊಟ್ರಿ?" ಅಂತ ಕೇಳಿದರೆ ಎರಡನೆಯ ಅರ್ಥ. ಈ ದೇಶದಲ್ಲಿ ತತ್ವಜ್ಞಾನದ ಚರಿತ್ರೆ ಅಂದರೆ ಈ ಎರಡು ಅರ್ಥಗಳಲ್ಲಿ ಯಾರಿಗೆ ಯಾವುದು ದಕ್ಕಿತು ಅನ್ನುವ ಚರಿತ್ರೆ. ನಮಗೆ ಬಹುಕಾಲ ಎರಡೂ ದಕ್ಕಲಿಲ್ಲ.

ಬ್ರಹ್ಮಸೂತ್ರದ ಮೊದಲನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, 34ರಿಂದ 38ರವರೆಗಿನ ಸೂತ್ರಗಳಲ್ಲಿ, ಅಪಶೂದ್ರಾಧಿಕರಣ ಅಂತ ಒಂದು ಭಾಗವಿದೆ. ಬ್ರಹ್ಮವಿದ್ಯೆಗೆ ಶೂದ್ರನಿಗೆ ಅಧಿಕಾರ ಉಂಟೆ ಅನ್ನುವುದು ಅಲ್ಲಿನ ಪ್ರಶ್ನೆ. ಇಲ್ಲ ಅನ್ನುವುದು ಉತ್ತರ. ಎಲ್ಲವೂ ಒಂದೇ ಬ್ರಹ್ಮ ಅಂತ ಸಾರಿದ ಶಂಕರರು ಇದಕ್ಕೆ ಭಾಷ್ಯ ಬರೆಯುವಾಗ, ವೇದ ಕಿವಿಗೆ ಬಿದ್ದ ಶೂದ್ರನ ಕಿವಿಗೆ ಕಾದ ಸೀಸ, ಅರಗು ಹೊಯ್ಯಬೇಕೆಂಬ ಸ್ಮೃತಿಯ ಮಾತನ್ನು ಪ್ರಮಾಣವಾಗಿ ಎತ್ತಿ ತೋರಿಸುತ್ತಾರೆ. ವಿದುರ, ಧರ್ಮವ್ಯಾಧರಿಗೆ ಜ್ಞಾನ ಇತ್ತಲ್ಲ ಅಂದರೆ ಅದು ಹಿಂದಿನ ಜನ್ಮದ ಫಲ ಅನ್ನುತ್ತಾರೆ. ಪುರಾಣ, ಇತಿಹಾಸಗಳ ಮೂಲಕ ಶೂದ್ರರು ತಿಳಿದುಕೊಳ್ಳಬಹುದು ಅಂತ ಒಂದು ಕಿಂಡಿ ಬಿಡುತ್ತಾರೆ. ಶೂದ್ರನಿಗೇ ಈ ಗತಿ ಅಂದಮೇಲೆ ವರ್ಣದ ಹೊರಗಿನ ನಮ್ಮ ಗತಿ ಬಿಡಿಸಿ ಹೇಳಬೇಕಾಗಿಲ್ಲ.

ಈ ಅಧಿಕರಣ ಯಾಕೆ ಬೇಕಾಯಿತು? ಛಾಂದೋಗ್ಯ ಉಪನಿಷತ್ತಿನಲ್ಲಿ ಜಾನಶ್ರುತಿ ಅನ್ನುವ ದಾನಿಯ ಕಥೆ ಇದೆ. ಅವನು ಜ್ಞಾನ ಹುಡುಕಿಕೊಂಡು ರೈಕ್ವನ ಹತ್ತಿರ ಹೋಗುತ್ತಾನೆ. ರೈಕ್ವ ಗಾಡಿಯ ಕೆಳಗೆ ಕೂತು ಕಜ್ಜಿ ಕೆರೆದುಕೊಳ್ಳುತ್ತಿದ್ದ ಮನುಷ್ಯ. ಆರುನೂರು ಹಸು, ಹಾರ, ರಥ ತಂದ ಜಾನಶ್ರುತಿಯನ್ನು ಅವನು ಶೂದ್ರ ಅಂತ ಕರೆದು ಅಟ್ಟುತ್ತಾನೆ. ಸಾವಿರ ಹಸುವನ್ನೂ ಮಗಳನ್ನೂ ತಂದ ಮೇಲೆ ಮತ್ತೆ ಹಾಗೇ ಕರೆದು, ಆಮೇಲೆ ವಿದ್ಯೆ ಹೇಳಿಕೊಡುತ್ತಾನೆ. ಓದಿದವರಿಗೆ ಶೂದ್ರನಿಗೆ ಬ್ರಹ್ಮವಿದ್ಯೆ ಸಿಕ್ಕಿತು ಅಂತ ಅನ್ನಿಸಬೇಕು ತಾನೆ? ಅಲ್ಲ ಅನ್ನುತ್ತದೆ ಸೂತ್ರ. ಅಲ್ಲಿ ಶೂದ್ರ ಅಂದರೆ ಜಾತಿ ಅಲ್ಲವಂತೆ. ಶುಚ್ ಅಂದರೆ ಶೋಕ, ಶೋಕದಿಂದ ಓಡಿ ಬಂದವನು ಶೂದ್ರ ಅಂತೆ. ಜಾನಶ್ರುತಿ ಕ್ಷತ್ರಿಯನೇ ಅಂತೆ.

ಇಲ್ಲಿ ನಮ್ಮ ಹುಡುಗ ಗೊಂದಲಕ್ಕೆ ಬಿದ್ದರೆ ತಪ್ಪು ಯಾರದು? ಕೂಲಿಯವರಿಗೂ ತಿಳಿಯುವಂಥ ಪದವೊಂದನ್ನು ಮುರಿದು, ತಿರುಚಿ, ಹೊಸ ಅರ್ಥ ತುಂಬಿಟ್ಟಿದ್ದಾರೆ. ಓದುವವನ ಬುದ್ಧಿ ಕಮ್ಮಿಯಾಗಿ ಹುಟ್ಟಿದ ಗೋಜಲು ಇದಲ್ಲ. ತೋಟಕ್ಕೆ ದನ ನುಗ್ಗದಿರಲಿ ಅಂತ ಕಳ್ಳಿ ನೆಟ್ಟ ಹಾಗೆ ನೆಟ್ಟ ಗೋಜಲು. ಇದನ್ನು ಬೇಲಿಯ ಗೋಜಲು ಅಂತ ಕರೆಯೋಣ. ತತ್ವಶಾಸ್ತ್ರ ಓದುವವನು ಮೊದಲು ಕಲಿಯಬೇಕಾದದ್ದು ತನ್ನ ಮುಂದಿರುವುದು ಬೇಲಿಯೋ, ನಿಜವಾಗಿಯೂ ಆಳವಾದ ಬಾವಿಯೋ ಅಂತ ಗುರುತಿಸುವುದು.

ಬಾವಿಯೂ ಇದೆ. ಅದನ್ನು ಒಪ್ಪಿಕೊಳ್ಳಬೇಕು. ನ್ಯಾಯದರ್ಶನದವರು ತಿಳಿಯಬೇಕಾದ 16 ಪದಾರ್ಥಗಳನ್ನು ಪಟ್ಟಿ ಮಾಡಿದಾಗ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಮೂರನೆಯದಾಗಿ ಸಂಶಯವನ್ನು ಇಟ್ಟರು. ಅವರು ಕೊಡುವ ಉದಾಹರಣೆ ಸಂಜೆಗತ್ತಲಲ್ಲಿ ಕಾಣುವ ಮೋಟುಮರ: ಅದು ಕಂಬವೋ, ನಿಂತ ಮನುಷ್ಯನೋ? ಹೆಗ್ಗಡದೇವನಕೋಟೆಯ ಕಾಡಂಚಿನ ಹೊಲದಲ್ಲಿ ರಾತ್ರಿ ಕಾವಲು ಕೂತವರಿಗೆ ಈ ಉದಾಹರಣೆಯನ್ನು ಯಾವ ಪಂಡಿತರೂ ವಿವರಿಸಬೇಕಾಗಿಲ್ಲ. ಎದುರಿಗಿರುವುದು ಪೊದೆಯೋ ಆನೆಯೋ? ಪೊದೆ ಅಂದುಕೊಂಡು ನಡೆದರೆ ಪ್ರಾಣ ಹೋದೀತು. ಆನೆ ಅಂದುಕೊಂಡು ಓಡಿದರೆ ಬೆಳೆ ಹೋದೀತು. ಅಲ್ಲಿ ಸಂಶಯ ಹೇಡಿತನವಲ್ಲ, ಮಡ್ಡತನವೂ ಅಲ್ಲ. ಕಣ್ಣು ಇನ್ನಷ್ಟು ತೆರೆಯುವುದು ಆ ಸಂಶಯದಿಂದಲೇ. ವಿಚಾರ ಶುರುವಾಗುವುದು ಸಂಶಯ ಇದ್ದ ಕಡೆ ಅಂತ ನ್ಯಾಯದವರು ಕಂಡುಕೊಂಡಿದ್ದರು. ಆದರೆ ಸಂಶಯ ಪಡುವ ಅಧಿಕಾರವನ್ನು ಕೇರಿಯವರೆಗೆ ತರುವ ಮನಸ್ಸು ಆ ಕಾಲದ ವಿದ್ಯಾಮಂದಿರಗಳಿಗೆ ಇರಲಿಲ್ಲ.

ಆ ಅಧಿಕಾರವನ್ನು ಕಿತ್ತುಕೊಂಡದ್ದು 12ನೆಯ ಶತಮಾನದ ಕಲ್ಯಾಣದಲ್ಲಿ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿಗಳ ಹೆಸರು ಹೇಳುವ ಪರಂಪರೆ ಅದು. ಕಸುಬಿನವರು ತಮ್ಮ ಕಸುಬಿನ ಮಾತಲ್ಲೇ ಅರಿವು ಏನು, ಕುರುಹು ಏನು ಅಂತ ಕೇಳಿದರು. ಅಲ್ಲಮನ ಬೆಡಗಿನ ವಚನಗಳನ್ನು ಓದಿದರೆ ಇಂದಿಗೂ ತಲೆ ಸುತ್ತುತ್ತದೆ. ಆದರೆ ಆ ಸುತ್ತು ಬೇಲಿಯ ಸುತ್ತಲ್ಲ. ಅದು ನಮ್ಮ ಹಳ್ಳಿಯ ಒಗಟಿನ ಜಾತಿಯದು. ಒಗಟು ಹಾಕಿದವನು ಎದುರಿನವನ ಬುದ್ಧಿಯನ್ನು ನಂಬಿರುತ್ತಾನೆ, ಬಿಡಿಸು ಅಂತ ಕರೆಯುತ್ತಾನೆ. ಆ ಕಲ್ಯಾಣವನ್ನೂ ನಮ್ಮ ಸೀಮೆಯ ಜನ ಸುಮ್ಮನೆ ಬಿಡಲಿಲ್ಲ. ಹಳೇ ಮೈಸೂರಿನ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಧರೆಗೆ ದೊಡ್ಡವರು ಕೊಳಕು ವೇಷದಲ್ಲಿ ಕಲ್ಯಾಣದ ಬಾಗಿಲಿಗೇ ಬಂದು ಶರಣರನ್ನು ಪರೀಕ್ಷೆ ಮಾಡುತ್ತಾರೆ. ಸಮಾನತೆ ಹೇಳಿದವರನ್ನೂ ಕೇಳಿಯೇ ಕೇಳುತ್ತೇವೆ ಅನ್ನುವ ಧೈರ್ಯ ಅದು. ಅಕ್ಷರ ಇಲ್ಲದ ಜನ ಕಟ್ಟಿದ ತತ್ವವಿಚಾರ ಅದು. ವಿಶ್ವವಿದ್ಯಾನಿಲಯದ ತತ್ವಶಾಸ್ತ್ರದ ಪಾಠಪಟ್ಟಿ ಬಹುಕಾಲ ಅದನ್ನು ಜಾನಪದ ಅಂತ ಪಕ್ಕಕ್ಕೆ ಇಟ್ಟಿತು.

ಇನ್ನು ನಮ್ಮ ತಾಲ್ಲೂಕುಗಳಿಗೇ ಬರೋಣ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅನ್ನುವ ಜೈನ ಕವಿ ಇದ್ದ. ಅವನ ಕೃತಿಗಳಲ್ಲಿ ಒಂದು ಸಮ್ಯಕ್ತ್ವ ಕೌಮುದಿ. ಸಮ್ಯಕ್ತ್ವ ಅಂದರೆ ಸರಿಯಾದ ನಂಬುಗೆ. ಜೈನ ಶಾಸ್ತ್ರ ಅದಕ್ಕೆ ಐದು ದೋಷಗಳನ್ನು ಹೇಳುತ್ತದೆ, ಮೊದಲನೆಯದೇ ಶಂಕೆ. ಒಂದೇ ವಸ್ತುವನ್ನು ಹಲವು ಕಡೆಯಿಂದ ನೋಡಬೇಕು ಅಂತ ಅನೇಕಾಂತ ಹೇಳಿದವರೇ ಶಂಕೆಯನ್ನು ದೋಷದ ಪಟ್ಟಿಗೆ ಸೇರಿಸಿದರು. ಆದರೂ ಸಮ್ಯಕ್ತ್ವ ಕೌಮುದಿಯ ಕಥಾಪರಂಪರೆಯಲ್ಲಿ ಒಂದು ವಿಚಿತ್ರ ಇದೆ. ವರ್ತಕ ಅರ್ಹದ್ದಾಸನ ಹೆಂಡಿರು ಒಬ್ಬೊಬ್ಬರಾಗಿ ತಮಗೆ ನಂಬಿಕೆ ಹುಟ್ಟಿದ ಕಥೆ ಹೇಳುತ್ತಾರೆ. ಕಿರಿಯವಳು ಕುಂದಲತೆ ಮಾತ್ರ ಪ್ರತಿಯೊಂದು ಕಥೆಗೂ ನಾನು ನಂಬುವುದಿಲ್ಲ ಅನ್ನುತ್ತಾಳೆ. ಕೊನೆಗೆ ಅವಳನ್ನೂ ವೈರಾಗ್ಯಕ್ಕೆ ತಂದು ಕಥೆ ಮುಗಿಸುತ್ತಾರೆ ಅನ್ನುವುದು ಬೇರೆ ಮಾತು. ಆದರೆ ನಂಬಿಕೆಯ ಪುಸ್ತಕದ ನಡುಮನೆಯಲ್ಲೇ ನಂಬದ ಹೆಣ್ಣೊಬ್ಬಳು ಕೂತಿದ್ದಾಳೆ. ಅವಳಿಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆಯಿತು. ಮಹಾರಾಜಾ ಕಾಲೇಜಿನಲ್ಲಿ ಎ.ಆರ್. ವಾಡಿಯಾ ತತ್ವಶಾಸ್ತ್ರ ಹೇಳಿದರು. 1918ರಿಂದ 1921ರವರೆಗೆ ರಾಧಾಕೃಷ್ಣನ್ ಇದ್ದರು. ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರ ಭಾರತೀಯ ತತ್ವಶಾಸ್ತ್ರದ ರೂಪರೇಖೆಯ ಪುಸ್ತಕ 1932ರಲ್ಲಿ ಇಂಗ್ಲಿಷಿನಲ್ಲಿ ಬಂತು. ದೇಶವಿದೇಶದಲ್ಲಿ ಅದನ್ನು ಪಠ್ಯವಾಗಿ ಓದಿದರು. ಇವರ ಪಾಂಡಿತ್ಯವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಮೈಸೂರಿನಿಂದ ಒಂದು ಹಗಲಿನ ಗಾಡಿ ದಾರಿಯ ಹಳ್ಳಿಗೆ ಆ ವಿದ್ಯೆ ತಲುಪಬೇಕಾದರೆ ಎರಡು ಹೊಳೆ ದಾಟಬೇಕಿತ್ತು. ಒಂದು ಸಂಸ್ಕೃತದ ಹೊಳೆ, ಇನ್ನೊಂದು ಇಂಗ್ಲಿಷಿನ ಹೊಳೆ. ಮನೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು ಮಾತು, ಪರೀಕ್ಷೆಯಲ್ಲಿ ಮತ್ತೊಂದು ಮಾತು. ಈ ಗೋಜಲಿನಲ್ಲಿ ಅರ್ಧ ಪಾಲು ಭಾಷೆಯದು. ಅದನ್ನೂ ಹುಡುಗನ ಬುದ್ಧಿಯ ಲೆಕ್ಕಕ್ಕೆ ಬರೆದರು.

ಮಂಗರಸನ ಅದೇ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. 1974ರ ಭೂಸುಧಾರಣೆ, ಹಾವನೂರು ಆಯೋಗ, ಹಾಸ್ಟೆಲು, ವಿದ್ಯಾರ್ಥಿವೇತನಗಳ ಕಾಲ ಅದು. ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತವರು ಕಾಲೇಜಿಗೆ ಬಂದರು. ಬಂದ ಕೂಡಲೇ ಕೇಳಿದರೆ ಏನಾಗುತ್ತದೆ ಅನ್ನುವುದನ್ನೂ ಕಂಡರು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅನ್ನುವ ಅರ್ಥದ ಮಾತಾಡಿದರು. ಕಾಳು ಎಷ್ಟು, ಬೂಸಾ ಎಷ್ಟು ಅಂತ ಕೂತು ಮಾತಾಡಬಹುದಿತ್ತು. ಅದರ ಬದಲು ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ನಮ್ಮವರು ಆಲಿಸುವ ಕೇಳಿನಿಂದ ಪ್ರಶ್ನಿಸುವ ಕೇಳಿಗೆ ದಾಟಿದ ದಿನ ಅದು. ಆ ದಾಟುವಿಕೆಗೆ ತೆತ್ತ ಬೆಲೆಯಿಂದಲೇ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು.

ಈ ಚರಿತ್ರೆಯ ನಡುವೆಯೇ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿಗೆ ಇನ್ನೊಂದು ವಿದ್ಯೆ ಬಂದು ಇಳಿಯಿತು. ಮೈಸೂರು–ಮಡಿಕೇರಿ ರಸ್ತೆಯ ಬೈಲಕುಪ್ಪೆ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಹೋಗುವವರು ಚಿನ್ನದ ಬಣ್ಣದ ಗುಡಿ ನೋಡಿ ಬರುತ್ತಾರೆ. 1959ರಲ್ಲಿ ಟಿಬೆಟಿನಿಂದ ಓಡಿ ಬಂದವರಿಗೆ 1960ರಲ್ಲಿ ಅಂದಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಅವರು ಕಾಡು ಕಡಿದು, ಆನೆಗಳ ನಡುವೆ ಗುಡಾರ ಹಾಕಿ, ಮೆಕ್ಕೆಜೋಳ ಬೆಳೆದರು. 1419ರಲ್ಲಿ ಲ್ಹಾಸಾ ಹತ್ತಿರ ಕಟ್ಟಿದ್ದ ಸೆರಾ ಅನ್ನುವ ದೊಡ್ಡ ವಿದ್ಯಾಮಠದ ಭಿಕ್ಷುಗಳನ್ನು ಮೊದಲು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಇಟ್ಟಿದ್ದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಬಂದೀಖಾನೆ ಅದು. ಅಲ್ಲಿ ಕ್ಷಯ ಹತ್ತಿ ಎಷ್ಟೋ ಜನ ಸತ್ತರು. ಉಳಿದವರು ಆ ಬಂದೀಖಾನೆಯಲ್ಲೂ ಓದು ನಿಲ್ಲಿಸಲಿಲ್ಲ. ಅವರಲ್ಲಿ ಸುಮಾರು 300 ಮಂದಿ 1970ರ ಹೊತ್ತಿಗೆ ಬೈಲಕುಪ್ಪೆಗೆ ಬಂದು ಸೆರಾ ಮಠವನ್ನು ಮತ್ತೆ ಕಟ್ಟಿದರು.

ಅವರು ತಂದ ಗಂಟಿನಲ್ಲಿ ಏನಿತ್ತು? ಈ ದೇಶದ್ದೇ ವಿದ್ಯೆ ಇತ್ತು. ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ, ಮೈತ್ರೇಯನ ಹೆಸರಿನ ಅಭಿಸಮಯಾಲಂಕಾರ. ಎಲ್ಲವೂ ನಮ್ಮ ನೆಲದಲ್ಲಿ ಹುಟ್ಟಿ, 8ನೆಯ ಶತಮಾನದಿಂದ ಟಿಬೆಟಿನ ಭಾಷೆಗೆ ಹೋದವು. ಇಲ್ಲಿ ವಿಹಾರಗಳು ಹಾಳಾದವು, ಓದುವವರಿಲ್ಲದೆ ಎಷ್ಟೋ ಗ್ರಂಥಗಳು ಕಣ್ಮರೆಯಾದವು. ಕನ್ನಡ ನಾಡಿನಲ್ಲೂ ಬೌದ್ಧರಿದ್ದರು. ಗದಗ ಸೀಮೆಯ ಡಂಬಳದಲ್ಲಿ ತಾರೆಯ ಗುಡಿಗೂ ವಿಹಾರಕ್ಕೂ ದತ್ತಿ ಬಿಟ್ಟ 1095ರ ಶಾಸನ ಇದೆ. ಆಮೇಲೆ ಅವರ ಸುದ್ದಿಯೇ ಅಡಗಿತು. ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಹಿಮ ದಾಟಿ ಟಿಬೆಟಿಗೆ ಮತ್ತೆ ಮತ್ತೆ ಹೋಗಿ ಪ್ರಮಾಣವಾರ್ತಿಕದ ಸಂಸ್ಕೃತ ಹಸ್ತಪ್ರತಿಗಳನ್ನು ಹುಡುಕಿ ಅಚ್ಚು ಹಾಕಿಸಬೇಕಾಯಿತು.

ಈ ಧರ್ಮಕೀರ್ತಿ ಸುಮಾರು 7ನೆಯ ಶತಮಾನದವನು. ದಕ್ಷಿಣ ದೇಶದವನು ಅಂತ ಟಿಬೆಟಿನ ಪರಂಪರೆ ಹೇಳುತ್ತದೆ. ತನ್ನ ಗ್ರಂಥದ ಮೊದಲ ಅಧ್ಯಾಯಕ್ಕೆ ತಾನೇ ಬರೆದ ವೃತ್ತಿಯ ಕೊನೆಗೆ ಅವನು ದಡ್ಡತನದ ಐದು ಗುರುತುಗಳನ್ನು ಎಣಿಸುತ್ತಾನೆ. ವೇದವೇ ಪ್ರಮಾಣ ಅನ್ನುವುದು, ಲೋಕಕ್ಕೊಬ್ಬ ಕರ್ತೃ ಇದ್ದಾನೆ ಅನ್ನುವುದು, ನೀರಲ್ಲಿ ಮುಳುಗಿದರೆ ಪುಣ್ಯ ಅನ್ನುವುದು, ಪಾಪ ಕಳೆಯಲು ಮೈ ದಂಡಿಸುವುದು, ಮತ್ತು ಜಾತಿಯ ಜಂಬ. ನೋಡಿ ಗೆಳೆಯರೆ! ನಮಗೆ ತಲೆಗೆ ಹತ್ತುವುದಿಲ್ಲ ಅಂತ ಹೇಳಿದವರನ್ನೇ ದಡ್ಡರ ಸಾಲಿಗೆ ಸೇರಿಸಿದ ತರ್ಕಶಾಸ್ತ್ರಿ ಅವನು. ಅವನ ಗ್ರಂಥವನ್ನು ನಮ್ಮ ತಾಲ್ಲೂಕಿನಲ್ಲೇ ಅರ್ಧ ಶತಮಾನದಿಂದ ಬಾಯಿಪಾಠ ಮಾಡುತ್ತಿದ್ದಾರೆ. ಪಕ್ಕದ ಕೇರಿಗೆ ಅವನ ಹೆಸರು ಗೊತ್ತಿಲ್ಲ.

ಸೆರಾದಲ್ಲಿ ಪಾಠ ನಡೆಯುವ ರೀತಿಯನ್ನು ನಮ್ಮ ಮೇಷ್ಟ್ರುಗಳು ಒಮ್ಮೆ ಹೋಗಿ ನೋಡಬೇಕು. ಅಂಗಳದಲ್ಲಿ ಭಿಕ್ಷುಗಳು ಜೋಡಿಜೋಡಿಯಾಗಿ ವಾದಕ್ಕೆ ಇಳಿಯುತ್ತಾರೆ. ಒಬ್ಬ ನೆಲದ ಮೇಲೆ ಕೂತಿರುತ್ತಾನೆ, ಇನ್ನೊಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಹಾಕಿ, ಕಾಲು ನೆಲಕ್ಕೆ ಬಡಿದು, ಜೋರಾಗಿ ಚಪ್ಪಾಳೆ ತಟ್ಟುತ್ತಾನೆ. ಕೂತವನು ಉತ್ತರ ಕೊಡಬೇಕು. ಉತ್ತರದ ದಾರಿಗಳು ಕೆಲವೇ: ಒಪ್ಪಿದೆ, ನೀನು ಕೊಟ್ಟ ಕಾರಣ ಸರಿಯಿಲ್ಲ, ಕಾರಣದಿಂದ ಆ ತೀರ್ಮಾನ ಬರುವುದಿಲ್ಲ, ಅಥವಾ ಯಾಕೆ ಹೇಳು. ಚಿಕ್ಕ ಹುಡುಗರಿಗೆ ಮೊದಲ ವಾದ ಬಣ್ಣದ ಮೇಲೆ. ಬಣ್ಣ ಅನ್ನುವುದೆಲ್ಲ ಕೆಂಪೇನು? ಹೌದು ಅಂದರೆ ಬಿಳಿ ಶಂಖದ ಬಣ್ಣ ಕೆಂಪಾಗಬೇಕಲ್ಲ! ಅಲ್ಲಿಂದ ಶುರುವಾಗಿ ಶೂನ್ಯತೆಯವರೆಗೆ ಹೋಗಲು 16, 18, 20 ವರ್ಷ ಹಿಡಿಯುತ್ತದೆ. ಆಮೇಲೆ ಗೆಶೆ ಪದವಿ. ಲ್ಹರಂಪಾ ಅನ್ನುವ ಮೇಲಿನ ಪದವಿಗೆ ಇನ್ನೂ ಆರು ವರ್ಷದ ಪರೀಕ್ಷೆಗಳು. ಒಂದು ವರ್ಷದಲ್ಲಿ ಮೂರು ದರ್ಶನ ಮುಗಿಸಿ ಪರೀಕ್ಷೆ ಬರೆಯುವ ನಮ್ಮ ಹುಡುಗನಿಗೆ ಗೋಜಲಾದರೆ ಆಶ್ಚರ್ಯ ಏನು?

ನಮ್ಮೂರಲ್ಲಿ ನಿಲ್ಲುವವರು ನಾವು, ಕೂರುವವರು ಗೌಡರು. ನಿಂತವನು ಕೈಕಟ್ಟಿ ಹೇಳಿದ್ದು ಕೇಳಬೇಕು. ನಮ್ಮ ಶಾಲೆಯಲ್ಲೂ ಹಾಗೇ. ಎದ್ದು ನಿಂತ ಹುಡುಗ ಉತ್ತರ ಬರದೆ ನಾಚಬೇಕು, ಕುರ್ಚಿಯಲ್ಲಿ ಕೂತವರು ಕೇಳುತ್ತಾರೆ. ಆ ಅಂಗಳದಲ್ಲಿ ಇದು ತಿರುಗುಮುರುಗು. ನಿಂತವನು ಕೇಳುತ್ತಾನೆ, ಕೂತವನು ಬೆವರುತ್ತಾನೆ. ಮರುಗಳಿಗೆಗೆ ಜಾಗ ಅದಲುಬದಲಾಗುತ್ತದೆ. ಸೋತವನು ನಾಳೆ ಮತ್ತೆ ಬರುತ್ತಾನೆ.

ಇನ್ನೂ ದೊಡ್ಡ ಮಾತೊಂದಿದೆ. ಮನಸ್ಸು ತಪ್ಪಿನಿಂದ ತಿಳಿವಿಗೆ ಬರುವ ಮೆಟ್ಟಿಲುಗಳನ್ನು ಅವರ ಪಾಠ ಎಣಿಸುತ್ತದೆ. ಕೆಳಗೆ ತಪ್ಪುತಿಳಿವಳಿಕೆ. ಅದರ ಮೇಲೆ ಸಂಶಯ. ಸಂಶಯದಲ್ಲೂ ಮೂರು: ತಪ್ಪಿನ ಕಡೆ ವಾಲಿದ್ದು, ನಡುವೆ ತೂಗುವುದು, ಸರಿಯ ಕಡೆ ವಾಲಿದ್ದು. ಅದರ ಮೇಲೆ ಸರಿಯಾದ ಊಹೆ. ಅದರ ಮೇಲೆ ಅನುಮಾನ. ಎಲ್ಲಕ್ಕೂ ಮೇಲೆ ಪ್ರತ್ಯಕ್ಷ. ನಮ್ಮ ಜನ ಅನುಮಾನ ಅಂದರೆ ಸಂಶಯ ಅಂತಲೇ ತಿಳಿಯುತ್ತಾರೆ. ಶಾಸ್ತ್ರದಲ್ಲಿ ಅನುಮಾನ ಅಂದರೆ ಹೊಗೆ ನೋಡಿ ಬೆಂಕಿ ತಿಳಿಯುವುದು. ಪಿರಿಯಾಪಟ್ಟಣದ ತಂಬಾಕು ಬ್ಯಾರನ್ನಿನ ಮೇಲೆ ಹೊಗೆ ಎದ್ದರೆ ಒಳಗೆ ಸೌದೆ ಉರಿಯುತ್ತಿದೆ ಅಂತ ದೂರದಿಂದಲೇ ಹೇಳುತ್ತೇವಲ್ಲ, ಅದು. ಮಾತಿನಲ್ಲಿ ಎರಡಕ್ಕೂ ಒಂದೇ ಪದ ಆದದ್ದು ಒಳ್ಳೆಯದೇ ಆಯಿತು. ಸಂಶಯದ ಮೆಟ್ಟಿಲು ಹತ್ತದೆ ಶಾಸ್ತ್ರದ ಅನುಮಾನ ಸಿಗುವುದಿಲ್ಲ.

ಹೀಗೆ ನೋಡಿದರೆ ಓದೋಕ್ ಮುಂಚೆ ಗೊತ್ತಿತ್ತು ಅನ್ನುವ ಹುಡುಗ ನಿಂತಿದ್ದು ಎಲ್ಲಿ? ಕೆಳಗಿನ ಮೆಟ್ಟಿಲಲ್ಲಿ. ಹಣೆಬರಹ, ಪೂರ್ವಜನ್ಮದ ಕರ್ಮ, ಕೆರೆಯ ನೀರು ಮುಟ್ಟಿದರೆ ಮೈಲಿಗೆ, ಇವೇ ಅವನಿಗೆ ಗೊತ್ತಿದ್ದ ಸಂಗತಿಗಳು. ಅವುಗಳಲ್ಲಿ ಗೋಜಲೇ ಇರಲಿಲ್ಲ! ಗುಲಾಮನಿಗೆ ಗುಲಾಮಗಿರಿ ಬಲು ಸ್ಪಷ್ಟವಾಗಿ ಕಾಣುತ್ತದೆ. ಓದಿನಿಂದ ಆ ಸ್ಪಷ್ಟತೆ ಒಡೆಯಿತು. ಅವನು ಕೆಳಗೆ ಬಿದ್ದಿಲ್ಲ, ಒಂದು ಮೆಟ್ಟಿಲು ಮೇಲೆ ಬಂದಿದ್ದಾನೆ. ಹೊಸ ಮೆಟ್ಟಿಲ ಮೇಲೆ ಕಾಲು ನಡುಗುತ್ತದೆ, ಅಷ್ಟೆ.

ಹಾಗಂತ ಬೈಲಕುಪ್ಪೆಯನ್ನು ಸ್ವರ್ಗ ಮಾಡುವುದು ಬೇಡ. ಹಳೆಯ ಟಿಬೆಟಿನಲ್ಲೂ ಕಮ್ಮಾರರನ್ನು, ಕಟುಕರನ್ನು ಕೀಳಾಗಿ ಕಾಣುತ್ತಿದ್ದರು. ಧರ್ಮಕೀರ್ತಿಯನ್ನು ಓದಿದ್ದರೂ ಕಾಣುತ್ತಿದ್ದರು. ಗೆಶೆ ಪದವಿಗೆ ಸಮನಾದ ಗೆಶೆಮಾ ಪದವಿ ಭಿಕ್ಷುಣಿಯರಿಗೆ ಸಿಕ್ಕಿದ್ದು 2016ರಲ್ಲಿ. ನಮ್ಮದೇ ರಾಜ್ಯದ ಮುಂಡಗೋಡಿನಲ್ಲಿ ಮೊದಲ 20 ಮಂದಿ ಅದನ್ನು ಪಡೆದರು. ಆರು ಶತಮಾನದ ವಿದ್ಯೆಗೆ ಹೆಂಗಸರ ತಲೆ ಕಾಣಿಸಲು ಅಷ್ಟು ಕಾಲ ಬೇಕಾಯಿತು. ಭೂಮಿಯ ಮಾತೂ ಇದೆ. ಮನೆ ಕಳೆದುಕೊಂಡು ಬಂದವರಿಗೆ ನೆಲ ಕೊಟ್ಟದ್ದು ನ್ಯಾಯ. ಆದರೆ ಅದೇ ಸೀಮೆಯಲ್ಲಿ ನಾಗರಹೊಳೆ ಕಾಡಿನಿಂದ ಜೇನುಕುರುಬರನ್ನು ಹೊರಗೆ ಹಾಕಿದರು, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿಗೆ ಊರುಗಳು ಮುಳುಗಿದವು. ಅವರಿಗೂ ಇದೇ ನ್ಯಾಯ ಸಿಗಲಿಲ್ಲ ಯಾಕೆ? ಇದನ್ನು ಆ ವಲಸಿಗರನ್ನಲ್ಲ, ನಮ್ಮ ಸರ್ಕಾರಗಳನ್ನು ಕೇಳಬೇಕು. ಶೂನ್ಯತೆಯ ಮೇಲೆ 20 ವರ್ಷ ವಾದ ಮಾಡಲು ಅನ್ನ, ಸೂರು, ಬಿಡುವು ಬೇಕು. ಬಿಡುವಿಲ್ಲದವನ ಗೋಜಲಿಗೆ ಕೂಲಿಯ ಲೆಕ್ಕವೂ ಸೇರಿರುತ್ತದೆ.

ಈ ಎಲ್ಲ ದಾರಿಗಳು ನಮ್ಮನ್ನು ಬಾಬಾಸಾಹೇಬರ ಹತ್ತಿರ ತಂದು ನಿಲ್ಲಿಸುತ್ತವೆ. 1913ರಿಂದ ಕೊಲಂಬಿಯಾದಲ್ಲಿ ಓದುವಾಗ ಅವರಿಗೆ ಜಾನ್ ಡ್ಯೂಯಿ ಗುರುವಾಗಿದ್ದರು. ಡ್ಯೂಯಿ 1910ರಲ್ಲಿ ಬರೆದ ಪುಸ್ತಕದಲ್ಲಿ ಯೋಚನೆ ಶುರುವಾಗುವುದು ಕವಲುದಾರಿಯಲ್ಲಿ ಅನ್ನುತ್ತಾರೆ. ನೇರ ದಾರಿಯಲ್ಲಿ ನಡೆಯುವವನು ಯೋಚಿಸಬೇಕಾಗಿಲ್ಲ, ದಾರಿ ಎರಡಾದ ಕಡೆ ನಿಂತವನು ಯೋಚಿಸಲೇಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದ ಅಂಬೇಡ್ಕರ್ ಆ ಜನಕ್ಕಾಗಿ ಬರೆದ ಬುದ್ಧ ಮತ್ತು ಅವನ ಧಮ್ಮ ಅನ್ನುವ ಗ್ರಂಥ ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂತು. ಹೊಸ ಧರ್ಮಕ್ಕೆ ಬಂದವರ ಕೈಗೆ ಕೊಡುವ ಪುಸ್ತಕ ಹೇಗೆ ಶುರುವಾಗಬೇಕು? ನಂಬಿಕೆಯಿಂದ ಅಂತ ಎಲ್ಲರೂ ಹೇಳಿಯಾರು. ಅಂಬೇಡ್ಕರ್ ನಾಲ್ಕು ಸಮಸ್ಯೆಗಳಿಂದ ಶುರುಮಾಡಿದರು.

ಬುದ್ಧ ಮನೆ ಬಿಟ್ಟದ್ದು ಮುದುಕನನ್ನು, ರೋಗಿಯನ್ನು, ಹೆಣವನ್ನು ನೋಡಿ ಅಂತಾರಲ್ಲ, 29 ವರ್ಷದವನು ಅದುವರೆಗೆ ಅವನ್ನೆಲ್ಲ ಕಂಡೇ ಇರಲಿಲ್ಲವೆ? ನಾಲ್ಕು ಆರ್ಯಸತ್ಯಗಳು ಬುದ್ಧನವೇ, ಆಮೇಲೆ ಭಿಕ್ಷುಗಳು ಸೇರಿಸಿದವೇ? ಆತ್ಮ ಇಲ್ಲ ಅಂದಮೇಲೆ ಕರ್ಮ, ಮರುಹುಟ್ಟು ಯಾರಿಗೆ? ಭಿಕ್ಷುಸಂಘ ಮಾಡಿದ್ದು ಯಾಕೆ, ತನ್ನೊಬ್ಬನ ಉದ್ಧಾರಕ್ಕೋ, ಜನರ ಸೇವೆಗೋ? ಜಗತ್ತಿನ ದೊಡ್ಡ ಪಂಡಿತರು ಗೋಜಲಾಗಿದ್ದು ಇಲ್ಲೇ. ಅಂಬೇಡ್ಕರರು ಆ ಗೋಜಲನ್ನು ಮುಚ್ಚಿಡದೆ ಅಂಗಳಕ್ಕೆ ತಂದರು, ಓದುಗರೂ ಕೂಡಿ ಬಿಡಿಸಲಿ ಅಂದರು. ಅಕ್ಷರ ಬಾರದ ಮಹಾರರ ಬುದ್ಧಿಯ ಮೇಲೆ ಅವರಿಗೆ ಅಷ್ಟು ನಂಬಿಕೆ ಇತ್ತು. ಅವರ ಇನ್ನೊಂದು ಗ್ರಂಥದ ಹೆಸರೇ ಹಿಂದೂಧರ್ಮದ ಒಗಟುಗಳು. 1987ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಅಚ್ಚು ಹಾಕಿದಾಗ ಬೀದಿಯಲ್ಲಿ ಗಲಾಟೆ ಎದ್ದಿತು. ಉತ್ತರಕ್ಕೆ ಯಾರೂ ಅಷ್ಟು ಹೆದರುವುದಿಲ್ಲ, ಒಗಟಿಗೆ ಹೆದರುತ್ತಾರೆ.

ಆದ್ದರಿಂದ ಗೆಳೆಯರೆ, ಓದಿದಷ್ಟೂ ಗೋಜಲಾದರೆ ಪುಸ್ತಕ ಬಿಡಬೇಡಿ, ಗೋಜಲನ್ನೇ ಪರೀಕ್ಷೆ ಮಾಡಿ. ಇದು ನನ್ನ ಬಾಯಿ ಮುಚ್ಚಿಸುತ್ತಿದೆಯೋ, ಬಾಯಿ ಬಿಡಿಸುತ್ತಿದೆಯೋ? ಬಾಯಿ ಮುಚ್ಚಿಸಿದರೆ ಅದು ಬೇಲಿ. ಯಾರು ನೆಟ್ಟರು, ಯಾವಾಗ ನೆಟ್ಟರು, ಒಳಗೆ ಯಾರ ತೋಟ ಇದೆ ಅಂತ ಹುಡುಕಿ, ಕಿತ್ತೆಸೆಯಿರಿ. ಬಾಯಿ ಬಿಡಿಸಿ ಪ್ರಶ್ನೆ ಹುಟ್ಟಿಸಿದರೆ ಅದು ಬಾವಿ. ಹಗ್ಗ ಉದ್ದ ಮಾಡಿಕೊಳ್ಳಿ, ನೀರು ಇದ್ದೇ ಇದೆ. ಒಬ್ಬರೇ ಕೋಣೆಯಲ್ಲಿ ಕೂತು ಓದಿದರೆ ಬೇಲಿಯೂ ಬಾವಿಯೂ ಒಂದೇ ಥರ ಕಾಣುತ್ತವೆ. ಕೂಡಿ ಓದಬೇಕು. ಹಾಸ್ಟೆಲಿನ ಜಗಲಿಯಲ್ಲಿ, ಸಂಘದ ಸಭೆ ಮುಗಿದ ಮೇಲೆ, ಶಾಲೆಯ ಮರದ ಕೆಳಗೆ, ಒಂದು ಪುಟ ಗಟ್ಟಿಯಾಗಿ ಓದಿ. ಒಬ್ಬ ಕೂರಲಿ, ಒಬ್ಬ ನಿಲ್ಲಲಿ. ನಿಂತವನು ನಮ್ಮ ಮಾತಲ್ಲೇ ಕೇಳಲಿ. ಆಮೇಲೆ ಜಾಗ ಬದಲಾಯಿಸಿ. ಹುಡುಗಿಯರನ್ನು ಮೊದಲು ನಿಲ್ಲಿಸಿ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ನಿಮ್ಮ ತರಗತಿಯಲ್ಲಿ ಕೇರಿಯ ಮಗು ಎದ್ದು ನಿಂತು "ಸಾ, ಅದೆಂಗೆ?" ಅಂದರೆ ಕೂರು ಅನ್ನಬೇಡಿ. ಸೀಸ ಹೊಯ್ಯುವ ಕಾಲದಿಂದ ಆ ಎರಡು ಪದಕ್ಕೆ ಬರಲು ನಮಗೆ ಎಷ್ಟು ಶತಮಾನ ಹಿಡಿಯಿತು ಅಂತ ಒಂದು ಗಳಿಗೆ ನೆನೆಸಿಕೊಳ್ಳಿ. ಉತ್ತರ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಮಗುವಿನ ಪಕ್ಕದಲ್ಲಿ ನೀವೂ ನಿಂತು ಕೇಳಿ.